ಎರಡು ನಿಮಿಷ ಹದಿನಾಲ್ಕನೇ ಸೆಕೆಂಡು

ನೋಡಾಕ ಬಂದವರಿಗೆ ಗೋವಾ ಅಂದ್ರ ತೆಂಗಿನಮರ, ಬಿಳಿ ಉಸುಕು.
ನಮ್ಮ ವಾಸ್ಕೋದಾಗ ಸಂಜಿ ಗಾಳಿ ತಿರುಗಿತಂದ್ರ
ಹಗ್ಗದ ಮ್ಯಾಲಿನ ಅರಿವಿಗೆಲ್ಲಾ ಕಲ್ಲಿದ್ದಲ ಪುಡಿ.
ಮೇಕಪ್ಪಿನ ರೊಕ್ಕ ಉಳೀತು ಅಂದ ಕಲ್ಮೇಶ.

ಒಟ್ಟು ಎರಡು ಸಾವಿರದ ಮುನ್ನೂರಾ ನಲವತ್ತು.
ಅದರಾಗ ಎಂಟನೂರು, ಮೌಲಾಲಿ ಟೈಲ್ಸ್ ಕೂಡಿಸಿದ ಪಗಾರದ್ದು.
ನೂರು ಆಗ್ನೆಲನ ಅಜ್ಜಿ ಕೊಟ್ಟಿದ್ದು, ಯಾಕಂತ ಕೇಳದನ.
ಉಳಿದದ್ದು ನಂದು,
ಮೀನಿನ ಕಾರ್ಖಾನಿಯೊಳಗ ಸಿಗಡಿ ಸುಲಿದ ಬೆರಳಿಂದು.
ಆ ಬೆರಳನ್ನ ನನ್ನ ಫೋನು ಗುರುತು ಹಿಡಿಯೂದಿಲ್ಲ,
ರೇಖಿ ಸವದಾವಂತ.
ನಂಬರ ಒತ್ತಿ ತಗೀತೀನಿ.
ಕ್ಯಾಮೆರಾ ನಾನಽ ಹಿಡಿಯಾಕಿ. ಅದರಾಗ ಮಾತಿಲ್ಲ.

ಲೈಟಂದ್ರ ಆಗ್ನೆಲನ ಸ್ಕೂಟರಿನ ಹೆಡ್‌ಲೈಟು,
ಮಾರಿಗೆ ಬಡೀಬಾರದಂತ ಅದಕ್ಕೊಂದು ಬನಿಯನ್ನು ತೊಡಿಸಿದ್ವಿ.
ಟ್ರಾಲಿ ಅಂದ್ರ ಜೆಟ್ಟಿಯ ಬರ್ಫಿನ ಗಾಡಿ, ಒಂದು ಗಾಲಿ ಕುಂಟು.
ಮೌಲಾಲಿ ಅದರ ಪಕ್ಕ ನಡಕೋತ ಕಿವಿಗೊಟ್ಟ:
ಮೂರು ಉರುಳು, ಒಂದು ಜಿಗತ. ಮೂರು ಉರುಳು, ಒಂದು ಜಿಗತ.
ಬೀಟು ಬದಲಿಸಿದ.

ಕಲ್ಮೇಶನ ಕೊರಳಾಗ ಸೈಕಲ್ಲಿನ ಚೈನು,
ಸೀಮೆಎಣ್ಣಿಯಾಗ ತೊಳದದ್ದು, ಇನ್ನೂ ನಾರತಿತ್ತು.
ಮೊದಲನೇ ಟೇಕಿನ್ಯಾಗ ಬಾಳ ಗಂಡಸಾದ.
ಎರಡನೇದ್ರಾಗ ನಾಯಿ ಬಂತು.
ಮೂರನೇದ್ರಾಗ ಅಪ್ಪನ ಸಾಲು ಬಂದಾಗ
(ಮುಂದಿನ ಜಾತ್ರಿಗೆ ಊರು, ಮುಂದಿನ ಜಾತ್ರಿಗೆ ಊರು ಅಂತ
ಮಂದಿ ಮನಿ ಗ್ವಾಡಿ ಕಟ್ಟಿದ)
ಕಟ್ ಅಂದ, ತಾನಽ.
ನಾನು ಮಾಡಲಿಲ್ಲ.

ಆಗ ಬುಲೆಟ್ಟಿನ ಮ್ಯಾಲೆ ಪೊಲೀಸ, ಒಬ್ಬಾಂವನ.
ಪರ್ಮಿಶನ್? ಅಂದ.
ಆಮ್ಯಾಲೆ ಕಲ್ಮೇಶಗ: ತೂಂ ಖಂಯ್ಚೊ? ಎಲ್ಲಿಯವ ನೀ?
ಇಲ್ಲಿಯವ, ಅಂದ ಇಂವ, ಕೊಂಕಣಿಯಾಗನ.
ಇಲ್ಲಿ ಅಂದ್ರ?
ಆ ಗ್ವಾಡಿ ಹಿಂದ.
ಅದಕ್ಕ ಮೊದಲು?
ಅದಕ್ಕ ಮೊದಲು ನಾ ಹುಟ್ಟಿರಲಿಲ್ಲ ಸಾಯಬ.

ಅವಗ ನಗು ಬಂತು. ಲಾಠಿಗೆ ಬರಲಿಲ್ಲ.
ಓಡಿದ್ವಿ.
ಫೋನು ಚಾಲೂ ಇತ್ತು.
ನೆಲ, ಆಕಾಶ, ನನ್ನ ಚಪ್ಪಲಿ, ಆಕಾಶ,
ಹಳಿ, ಕಲ್ಲಿದ್ದಲ ವ್ಯಾಗನ್ನಿನ ಬಾಲ, ಯಾರದೋ ಅಂಗಳ,
ಮತ್ತ ಎಲ್ಲಾದರ ತಳಕ್ಕ ನನ್ನ ಉಸುರು.

ಮೂರು ರಾತ್ರಿ ಬಾರಿನ ಹಿಂದಿನ ಕಟ್ಟಿಮ್ಯಾಲೆ ಕುಂತು ಕತ್ತರಿಸಿದ್ವಿ,
ಅವರ ವೈಫೈ ಅಲ್ಲೀತನಾ ಬರತೈತಿ.
ನಿನ್ನ ಉಸುರು ತಗೀಲೇನು, ಅಂದ ಮೌಲಾಲಿ.
ತಗದ. ಕೇಳಿದ್ವಿ. ಹಾಡು ಮುಸುಕು ಹಾಕಿ ಮಲಗಿದಂಗಾತು.
ತಿರುಗಿ ಹಾಕಿದ.
ಪೊಲೀಸನ ಖಂಯ್ಚೊ ಅನ್ನೂದನ್ನ ಮಾತ್ರ ಸಣ್ಣಗ ಹೆಚ್ಚಿ
ಡೋಲಿನ ಜಾಗಾಕ್ಕ ಇಟ್ಟ.
ಖಂಯ್ಚೊ, ಖಂಯ್, ಖಂಯ್ಚೊ, ಖಂಯ್.
ಆಗ್ನೆಲ ಕುಂತಲ್ಲೇ ಹೆಗಲು ಕುಣಿಸಿದ.

ಮೊದಲನೇ ದಿನ ನೂರಾ ಹನ್ನೊಂದು ಸಲ ನೋಡಿದ್ರು ಜನ.
ಅದರಾಗ ನಲವತ್ತು ಕಲ್ಮೇಶನ ಇರಬೇಕು.

ಅವ್ವಗ ತೋರಿಸಿದೆ, ಒಲಿ ಮುಂದ.
ಹಾಡಿನ ಸುದ್ದಿ ಎತ್ತಲಿಲ್ಲ, ಹುಡುಗೂರ ಜೋಡಿ
ರಾತ್ರಿ ಏನು ಕೆಲಸ ಅಂತನೂ ಕೇಳಲಿಲ್ಲ.
ಹಿಂದಕ್ಕ ತಗೋ, ಅಂದ್ಳು.
ಇನ್ನಾ ಹಿಂದಕ್ಕ.
ನಿಲ್ಲಸು.

ಎರಡು ನಿಮಿಷ ಹದಿನಾಲ್ಕು ಸೆಕೆಂಡು. ಓಡೂ ದಾರ್ಯಾಗ ಸಿಕ್ಕ ಅಂಗಳ.
ಅಲ್ಲಾಡೂ ಬೆಳಕಿನ್ಯಾಗ, ನಳದ ಪೈಪಿನ ಬಾಜೂಕ,
ನೀಲಿ ಕೊಡ. ಬಾಯಿ ಒಂದು ಕಡಿ ಸುಟ್ಟಿದ್ದು.

ನಮ್ಮದು, ಅಂದ್ಳು ಅವ್ವ.
ಶ್ರಾವಣದಾಗ ನೀರಿನ ಪಾಳಿಯೊಳಗಿಂದ ಹೋದದ್ದು.
ಎದ್ದಳು. ಸೀರಿ ಜಾಡಿಸಿದಳು, ಕರೀ ಪುಡಿ ಉದುರಿತು.
ಬಾಗಲದಾಗ ಚಪ್ಪಲಿ ಮೆಟ್ಟಿಕೋತ
ಹಿಂದಕ್ಕ ತಿರುಗಿ ನನಗಂದ್ಳು:

ಫೋನು ತಗೊಂಡು ಬಾ.
ಸಾಕ್ಷಿ ಬೇಕು.